ಕೆಟ್ಟ ಸದ್ದಿನ ಪುಟ್ಟ ಪೆಟ್ಟಿಗೆ

ರೇಡಿಯೋ ಗರಗರ ಎಂದರೆ ರಿಪೇರಿ ಅಂಗಡಿಗೆ ಒಯ್ಯುವುದು ಲೋಕರೂಢಿ. ಚೆನ್ನಾಗಿ ಕೇಳಿಸುತ್ತಿರುವ ವಾದ್ಯವನ್ನು ಗರಗರ ಎನ್ನಿಸುವುದಕ್ಕೆಂದೇ ದುಡ್ಡು ಕೊಟ್ಟು ಇನ್ನೊಂದು ಯಂತ್ರ ತರುವವರನ್ನು ಏನೆನ್ನಬೇಕು? ಅರವತ್ತು ವರ್ಷಗಳಿಂದ ಲೋಕದ ಗಿಟಾರ್ ವಾದಕರು ಮಾಡುತ್ತಿರುವುದು ಇದನ್ನೇ.

ರಾಕ್ ಸಂಗೀತದ ವೇದಿಕೆಯಲ್ಲಿ ವಾದಕನ ಕಾಲ ಬಳಿ ಸಾಲಾಗಿ ಕುಳಿತಿರುವ ಬಣ್ಣಬಣ್ಣದ ಲೋಹದ ಡಬ್ಬಿಗಳನ್ನು ಹಲವರು ನೋಡಿರಬಹುದು. ಅವುಗಳಿಗೆ 'ಎಫೆಕ್ಟ್ ಪೆಡಲ್' ಎಂದು ಹೆಸರು. ಗಿಟಾರಿನಿಂದ ಹೊರಟ ತಂತಿ ಈ ಡಬ್ಬಿಯನ್ನು ಹಾದು ಆಂಪ್ಲಿಫೈಯರ್‌ಗೆ ಹೋಗುತ್ತದೆ. ಕಾಲಿನಿಂದ ಗುಂಡಿ ಅದುಮಿದರೆ ನಾದ ಬದಲಾಗುತ್ತದೆ. ಮತ್ತೊಮ್ಮೆ ಅದುಮಿದರೆ ಮೊದಲಿನಂತಾಗುತ್ತದೆ. ಕೆಲವು ಡಬ್ಬಿಗಳು ಪ್ರತಿಧ್ವನಿ ಹುಟ್ಟಿಸುತ್ತವೆ, ಕೆಲವು ನಾದವನ್ನು ಅಲೆಅಲೆಯಾಗಿ ತೂಗುತ್ತವೆ. ಆದರೆ ಇವುಗಳ ಪೈಕಿ ಬಹು ಹಳೆಯದೂ ಬಹು ಜನಪ್ರಿಯವೂ ಆದದ್ದು ಸದ್ದನ್ನು ಕೆಡಿಸುವ ಡಬ್ಬಿ. ಇಂಗ್ಲಿಷಿನಲ್ಲಿ ಅದಕ್ಕೆ 'ಫಜ್' ಎಂದೂ 'ಡಿಸ್ಟಾರ್ಷನ್' ಎಂದೂ ಕರೆಯುತ್ತಾರೆ.

ಈ ಡಬ್ಬಿಯ ಇನ್ನೊಂದು ವಿಶೇಷವೆಂದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅಡುಗೆಮನೆಯ ಮೇಜು, ಒಂದು ಸೋಲ್ಡರಿಂಗ್ ಐರನ್, ಬೆರಳೆಣಿಕೆಯಷ್ಟು ಬಿಡಿಭಾಗಗಳು ಮತ್ತು ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ಇದ್ದರೆ ಸಾಕು. ಈ ಹವ್ಯಾಸ ಹುಟ್ಟಿದ ಬಗೆ ಸ್ವಾರಸ್ಯಕರವಾದದ್ದು. ಯಂತ್ರದ ಮುಚ್ಚಳ ತೆಗೆದು ನೋಡುವ ಹಕ್ಕು ಯಾರದು ಎಂಬ ಗಂಭೀರ ಪ್ರಶ್ನೆಯೂ ಅದರ ಜೊತೆಗೇ ಬೆಳೆದು ಬಂದಿದೆ.

ದೋಷಕ್ಕೆ ಬೆಲೆ ಬಂದದ್ದು

ಗಿಟಾರಿನ ಒಡಕು ದನಿಗೆ ಮೊದಲ ಕಾರಣ ಅಪಘಾತಗಳು. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ 'ರಾಕೆಟ್ 88' ಎಂಬ ಹಾಡು ಧ್ವನಿಮುದ್ರಣವಾಯಿತು. ಸ್ಟುಡಿಯೋಗೆ ಬರುವ ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರ್ ಜಖಂಗೊಂಡಿತ್ತು. ಹರಿದ ಸ್ಪೀಕರಿಗೆ ಕಾಗದ ತುರುಕಿ ಹೇಗೋ ಕೆಲಸ ಮುಗಿಸಿದರು. ಹಾಡು ಗೆದ್ದಿತು, ಅದರ ಗೊರಗೊರ ದನಿಯೂ ಕೇಳುಗರಿಗೆ ಹಿಡಿಸಿತು. ಮುಂದೆ ಕೆಲವರು ಅಪಘಾತಕ್ಕಾಗಿ ಕಾಯದೆ ತಾವೇ ಕೈಹಾಕಿದರು. 1958ರಲ್ಲಿ ಲಿಂಕ್ ರೇ ಎಂಬಾತ ತನ್ನ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಕೊರೆದ. 1964ರಲ್ಲಿ ಲಂಡನ್ನಿನ 'ಕಿಂಕ್ಸ್' ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಕ್ಷೌರದ ಬ್ಲೇಡಿನಿಂದ ಸೀಳಿದ.

ಆದರೆ ಡಬ್ಬಿಯ ಕಥೆ ಶುರುವಾಗುವುದು ನ್ಯಾಶ್‌ವಿಲ್‌ನಲ್ಲಿ. ಮಾರ್ಟಿ ರಾಬಿನ್ಸ್ ಎಂಬ ಗಾಯಕನ 'ಡೋಂಟ್ ವರಿ' ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರಿನ ದನಿ ಸ್ಟುಡಿಯೋದ ಮಿಕ್ಸಿಂಗ್ ಯಂತ್ರದ ಯಾವ ಭಾಗದ ಮೂಲಕ ಹಾಯುತ್ತಿತ್ತೋ ಆ ಭಾಗ ಕೆಟ್ಟಿತು. ಇಂಪಾದ ಪ್ರೇಮಗೀತೆಯ ನಟ್ಟನಡುವೆ ದುಂಬಿ ಗುಂಯ್‌ಗುಟ್ಟಿದಂತೆ ಬಾಸ್ ಕೇಳಿಸಿತು. ಅಳಿಸಿ ಮತ್ತೆ ಮುದ್ರಿಸಿಕೊಳ್ಳಬಹುದಿತ್ತು. ಆದರೆ ಹಾಗೆಯೇ ಬಿಟ್ಟರು. 1961ರಲ್ಲಿ ಹಾಡು ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಬೇರೆ ಸಂಗೀತಗಾರರು ಅದೇ ಸದ್ದು ಬೇಕೆಂದು ಕೇಳಿಕೊಂಡು ಬಂದರು. ಕೊಡುವುದು ಹೇಗೆ? ಅಷ್ಟರಲ್ಲಿ ಯಂತ್ರದ ಆ ಭಾಗ ಪೂರ್ತಿಯಾಗಿ ಸತ್ತಿತ್ತು. ಧ್ವನಿಮುದ್ರಣ ಎಂಜಿನಿಯರ್ ಗ್ಲೆನ್ ಸ್ನಾಡಿ ಹೀಗೆ ಒಂದು ವಿಚಿತ್ರ ಸಂಕಟಕ್ಕೆ ಸಿಕ್ಕಿಕೊಂಡರು. ದೋಷವನ್ನು ಸರಿಪಡಿಸುವುದನ್ನು ಕಲಿತಿದ್ದ ಅವರು ಈಗ ಅದೇ ದೋಷವನ್ನು ಕೈಯಾರೆ ಕಟ್ಟಬೇಕಾಗಿತ್ತು. ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಜೊತೆ ಸೇರಿ, ಮೂರು ಟ್ರಾನ್ಸಿಸ್ಟರುಗಳ ಒಂದು ಸರ್ಕ್ಯೂಟ್ ರಚಿಸಿ ಗಿಬ್ಸನ್ ಕಂಪನಿಗೆ ಕೊಟ್ಟರು. 1962ರಲ್ಲಿ ಅದು 'ಮೇಸ್ಟ್ರೋ ಫಜ್-ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಕಂಪನಿಗೂ ಇದು ಯಾತಕ್ಕೆಂದು ಸರಿಯಾಗಿ ತಿಳಿದಿರಲಿಲ್ಲವೆಂದು ತೋರುತ್ತದೆ. ಗಿಟಾರಿನಲ್ಲಿ ಟ್ರಂಪೆಟ್, ಟ್ಯೂಬಾ, ಚೆಲೋಗಳ ನಾದ ಹೊರಡಿಸಬಹುದೆಂದು ಅದು ಪ್ರಚಾರ ಮಾಡಿತು. ಮಾರಾಟ ಕುಂಟಿತು. 1965ರಲ್ಲಿ 'ರೋಲಿಂಗ್ ಸ್ಟೋನ್ಸ್' ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಇದನ್ನು ಬಳಸಿದ. ಅವನ ಲೆಕ್ಕದಲ್ಲೂ ಅದು ಬರೀ ಗುರುತು. ಮುಂದೆ ಆ ಜಾಗದಲ್ಲಿ ತುತ್ತೂರಿಗಳನ್ನು ಕೂರಿಸಬೇಕೆಂದಿದ್ದ. ಉಳಿದವರು ಒಪ್ಪಲಿಲ್ಲ, ಹಾಡು ಹಾಗೆಯೇ ಬಿಡುಗಡೆಯಾಯಿತು. ಆ ವರ್ಷ ಮುಗಿಯುವುದರೊಳಗೆ ಅಂಗಡಿಗಳಲ್ಲಿದ್ದ ಫಜ್-ಟೋನ್ ಡಬ್ಬಿಗಳೆಲ್ಲ ಖರ್ಚಾದವು.

ರಾಗಿಯ ಸೇರು, ತಂಬೂರಿಯ ಜೀವಾಳ

ಸದ್ದು ಕೆಡುವುದೆಂದರೆ ಏನು? ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಂತೆ ತಾಮ್ರದ ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಸಾಮಾನ್ಯವಾಗಿ ಅದು ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಈ ಅಲೆಯನ್ನು ಕಾಗದದ ಮೇಲೆ ಬರೆದರೆ ನುಣುಪಾದ ಗುಡ್ಡ, ಕಣಿವೆಗಳ ಸಾಲಿನಂತೆ ಕಾಣುತ್ತದೆ.

ಪೆಡಲಿನೊಳಗಿನ ಟ್ರಾನ್ಸಿಸ್ಟರ್ ಈ ಅಲೆಯನ್ನು ಹತ್ತಾರು, ನೂರಾರು ಪಟ್ಟು ಎತ್ತರಿಸುತ್ತದೆ. ಆದರೆ ಬ್ಯಾಟರಿ ಇರುವುದು ಒಂಬತ್ತೇ ವೋಲ್ಟಿನದು. ಅದಕ್ಕಿಂತ ಎತ್ತರ ಹೋಗುವಂತಿಲ್ಲ. ಸೇರಿನಲ್ಲಿ ಗೋಪುರವಾಗಿ ತುಂಬಿದ ರಾಗಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದರೆ ಹೇಗೋ ಹಾಗೆ ಗುಡ್ಡದ ನೆತ್ತಿ ಚಪ್ಪಟೆಯಾಗುತ್ತದೆ. ಇದಕ್ಕೆ ಎಂಜಿನಿಯರುಗಳು 'ಕ್ಲಿಪ್ಪಿಂಗ್' ಎನ್ನುತ್ತಾರೆ. ಬ್ಯಾಟರಿಯ ಮಿತಿಗೆ ಮುಟ್ಟುವ ಮೊದಲೇ ನೆತ್ತಿ ಸವರಬೇಕೆಂದಿದ್ದರೆ ಡಯೋಡ್ ಎಂಬ ಪುಟ್ಟ ಭಾಗವನ್ನು ಜೋಡಿಸುತ್ತಾರೆ. ಜರ್ಮೇನಿಯಂ ಡಯೋಡ್ ಸುಮಾರು 0.3 ವೋಲ್ಟಿಗೇ ಸವರಲು ಶುರು ಮಾಡುತ್ತದೆ. ಸಿಲಿಕಾನ್ ಆದರೆ 0.6 ವೋಲ್ಟ್, ಕೆಂಪು ದೀಪದ ಎಲ್‌ಇಡಿ ಆದರೆ ಇನ್ನೂ ಹೆಚ್ಚು. ಯಾವ ಡಯೋಡ್ ಎಂಬುದರ ಮೇಲೆ ನಾದದ ಗುಣ ನಿಲ್ಲುತ್ತದೆ.

ನೆತ್ತಿ ಹೋದ ಅಲೆಗೆ ಒಂದು ಲಾಭವುಂಟು. ಸೆಕೆಂಡಿಗೆ 220 ಕಂಪನಗಳ ಒಂದು ಶುದ್ಧ ಸ್ವರವನ್ನು ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ ಅದರೊಂದಿಗೆ 660, 1100 ಕಂಪನಗಳ ಹೊಸ ಸ್ವರಗಳು ತಾವಾಗಿಯೇ ಹುಟ್ಟುತ್ತವೆ. ಒಂದು ಕಡೆ ಹೆಚ್ಚು ಕತ್ತರಿಸಿದರೆ 440, 880ರವೂ ಸೇರಿಕೊಳ್ಳುತ್ತವೆ. ನಮ್ಮ ಸಂಗೀತ ಬಲ್ಲವರಿಗೆ ಇವು ಅಪರಿಚಿತವಲ್ಲ. ಸ್ವಯಂಭೂ ಸ್ವರಗಳೆಂದರೆ ಇವೇ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ಸೇರಿಸಿ ಹಿಂದೆಮುಂದೆ ಸರಿಸುತ್ತಾ ಶ್ರುತಿಗೆ ಜೀವ ತುಂಬುತ್ತಾರಲ್ಲ, ಆ ಜೀವಾಳದ ಕೆಲಸವೂ ಇದೇ ಬಗೆಯದು. ತಂತಿ ಕುದುರೆಗೆ ಸವರಿಕೊಂಡು ಝೇಂಕರಿಸುತ್ತದೆ. ದಾರ ತೆಗೆದರೆ ನಾದ ಶುದ್ಧವಾಗುತ್ತದೆ ನಿಜ, ಆದರೆ ಬೋಳಾಗುತ್ತದೆ. ವಿಧಾನ ಬೇರೆಯಾದರೂ ಗಿಟಾರ್ ವಾದಕ ಡಬ್ಬಿಯಲ್ಲಿ ಹುಡುಕುವುದು ಇಂಥದೇ ಝೇಂಕಾರವನ್ನು.

ಈ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಫಜ್ ಹಾಕಿಕೊಂಡು ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರೆ ಹುಟ್ಟುವ ಸ್ವರಗಳು ಒಂದನ್ನೊಂದು ತಿಂದು ರಾಡಿಯಾಗುತ್ತದೆ. ಆದ್ದರಿಂದ ರಾಕ್ ವಾದಕರು ಬಹುಮಟ್ಟಿಗೆ ಎರಡೇ ಸ್ವರಗಳ ಜೋಡಿಯನ್ನು ನೆಚ್ಚಿದರು. ಆ ಜೋಡಿ ಯಾವುದು ಗೊತ್ತೆ? ನಮ್ಮ ತಂಬೂರಿಗೆ ಶ್ರುತಿ ಮಾಡುವ ಷಡ್ಜ ಮತ್ತು ಪಂಚಮ.

ಹನ್ನೊಂದು ಭಾಗಗಳ ಮಾಯೆ

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ 'ಫಜ್ ಫೇಸ್' ಎಂಬ ದುಂಡನೆಯ ಪೆಡಲ್ ತಂದಿತು. ಮೈಕ್ ನಿಲ್ಲಿಸುವ ಸ್ಟ್ಯಾಂಡಿನ ಬುಡದಂತಿತ್ತು ಅದರ ಆಕಾರ. ಜಿಮಿ ಹೆಂಡ್ರಿಕ್ಸ್ ಕೈಗೆ, ಅಲ್ಲ ಕಾಲಿಗೆ, ಸಿಕ್ಕಮೇಲೆ ಅದು ಲೋಕಪ್ರಸಿದ್ಧವಾಯಿತು. ಅದರ ತಳ ಬಿಚ್ಚಿ ನೋಡಿದವರಿಗೆ ಕಂಡದ್ದು ಅಚ್ಚರಿ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ತಿರುಗಿಸುವ ಎರಡು ನಾಬ್. ಒಟ್ಟು ಹನ್ನೊಂದು. ಉಳಿದದ್ದೆಲ್ಲ ಖಾಲಿ ಜಾಗ!

ಮನೆಯಲ್ಲಿ ಪೆಡಲ್ ಮಾಡುವ ಹವ್ಯಾಸಕ್ಕೆ ಬೀಜ ಬಿದ್ದದ್ದು ಈ ಖಾಲಿ ಜಾಗದಲ್ಲಿ ಎನ್ನಬಹುದು. ಶಾಲೆಯ ಹುಡುಗನೂ ಎಣಿಸಬಹುದಾದಷ್ಟು ಭಾಗಗಳು. ಎಲ್ಲವೂ ರೇಡಿಯೋ ಅಂಗಡಿಯಲ್ಲಿ ಸಿಗುವಂಥವು. ಆದರೂ ಒಂದು ಫಜ್ ಫೇಸ್‌ನಂತೆ ಇನ್ನೊಂದು ಕೇಳಿಸುತ್ತಿರಲಿಲ್ಲ. ಅದಕ್ಕೆ ಕಾರಣ ಜರ್ಮೇನಿಯಂ. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಒಂದೇ ಅಚ್ಚಿನಿಂದ ಬಂದರೂ ಒಂದರ ಶಕ್ತಿ ಇನ್ನೊಂದಕ್ಕಿರಲಿಲ್ಲ. ಸಾಲದ್ದಕ್ಕೆ ಅವು ಸೆಕೆಗೆ ಬಹಳ ಸೂಕ್ಷ್ಮ. ತಂಪು ಹೊತ್ತಿನಲ್ಲಿ ಸೊಗಸಾಗಿ ಹಾಡಿದ ಪೆಡಲ್ ವೇದಿಕೆಯ ದೀಪಗಳ ಕಾವಿಗೆ ಉಸಿರುಗಟ್ಟಿದಂತೆ ಮುಕ್ಕುತ್ತಿತ್ತು. ಕೆಲವೇ ವರ್ಷಗಳಲ್ಲಿ ಸಿಲಿಕಾನ್ ಬಂತು. ಅದು ಕಾವಿಗೆ ಜಗ್ಗುವುದಿಲ್ಲ, ಅಗ್ಗವೂ ಹೌದು. ಆದರೆ ಅದರ ದನಿ ಹೆಚ್ಚು ಚೂಪು. ಮೆದುತನ ಬೇಕೆನ್ನುವವರು ಇಂದಿಗೂ ಹಳೆಯ ಜರ್ಮೇನಿಯಂ ಹುಡುಕುತ್ತಾರೆ.

ಈ ಹುಡುಕಾಟದ ವಸ್ತುವಿಗೆ ಬೆಂಗಳೂರಿನ ನಂಟೂ ಉಂಟು. 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಇಳಿಯಿತು. ಅದೇ ವರ್ಷ ಅಮೆರಿಕದಲ್ಲಿ ಫಜ್-ಟೋನ್ ಅಂಗಡಿಗೆ ಬಂದಿತ್ತು. ನಮ್ಮಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮನೆಮಾತಾದದ್ದು ಚರ್ಮದ ಚೀಲದ ರೇಡಿಯೋಗಳ ಮೂಲಕ. ಆಕಾಶವಾಣಿಯ ವಾರ್ತೆ, ಕೃಷಿರಂಗ ಕೇಳಿಸಿದ ಆ ರೇಡಿಯೋಗೇ ಹಳ್ಳಿಯ ಜನ 'ಟ್ರಾನ್ಸಿಸ್ಟರ್' ಎಂದು ಹೆಸರಿಟ್ಟರು. ಹೀಗೆ ಹಗೇವಿನ ಮೇಲೆ ಕುಳಿತು ಮಳೆಯ ಮುನ್ಸೂಚನೆ ಹೇಳುತ್ತಿದ್ದ ಪೆಟ್ಟಿಗೆಗೂ ಹೆಂಡ್ರಿಕ್ಸ್ ತುಳಿದ ಪೆಟ್ಟಿಗೆಗೂ ಒಳಗಿನ ಕರುಳು ಒಂದೇ ಜಾತಿಯದು.

ಅಡುಗೆಮನೆಯಲ್ಲಿ ಕಾರ್ಖಾನೆ

ಕಾರ್ಖಾನೆಯ ಡಬ್ಬಿ ಬರುವ ಮೊದಲೂ ಬಂದ ಮೇಲೂ ಕೈಯಿಂದ ಮಾಡುವವರು ಇದ್ದೇ ಇದ್ದರು. ಲಂಡನ್ನಿನ ರೋಜರ್ ಮೇಯರ್ ಬ್ರಿಟಿಷ್ ನೌಕಾ ಇಲಾಖೆಯಲ್ಲಿ ಧ್ವನಿ ಸಂಶೋಧನೆ ಮಾಡುತ್ತಿದ್ದ ತರುಣ. ಬಿಡುವಿನ ವೇಳೆಯಲ್ಲಿ ಗಿಟಾರ್ ವಾದಕರಿಗೆ ಡಬ್ಬಿಗಳನ್ನು ಮಾಡಿಕೊಡುತ್ತಿದ್ದರು. ಸ್ವರದ ಜೊತೆಗೆ ಅದರ ಮೇಲಿನ ಸ್ಥಾಯಿಯನ್ನೂ ಹೊರಡಿಸುವ ಅವರ 'ಆಕ್ಟೇವಿಯಾ' 1967ರ 'ಪರ್ಪಲ್ ಹೇಜ್' ಹಾಡಿನಲ್ಲಿ ಹೆಂಡ್ರಿಕ್ಸ್ ಮೂಲಕ ಕೇಳಿಬಂತು.

'ಕ್ವೀನ್' ತಂಡದ ಉದಾಹರಣೆ ಇನ್ನೂ ಸೊಗಸಾಗಿದೆ. ತಂಡದ ಬ್ರಯಾನ್ ಮೇ ತನ್ನ ಗಿಟಾರನ್ನು ಹುಡುಗನಾಗಿದ್ದಾಗಲೇ, 1963ರಲ್ಲಿ ಶುರುಮಾಡಿ, ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ತಂದೆಯ ಜೊತೆ ಮನೆಯಲ್ಲೇ ಕಟ್ಟಿದ್ದ. ಕುತ್ತಿಗೆಯ ಭಾಗಕ್ಕೆ ಬಳಸಿದ್ದು ಹಳೆಯ ಮನೆಯ ಬೆಂಕಿಗೂಡಿನ ಮರ. ತಂಡದ ಬಾಸ್ ವಾದಕ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವನು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಬೀದಿಯ ಕಸದ ತೊಟ್ಟಿಯಲ್ಲಿ ಅವನಿಗೊಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದನ್ನು ಪುಸ್ತಕದ ಕಪಾಟಿನಲ್ಲಿ ಇಡುವಂಥ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಸೇರಿಸಿ, ಬ್ಯಾಟರಿ ಕೊಟ್ಟು ಒಂದು ಆಂಪ್ಲಿಫೈಯರ್ ಮಾಡಿದ. ಅದರಲ್ಲಿ ಸದ್ದು ಏರಿಸಿ ಇಳಿಸುವ ನಾಬ್ ಕೂಡ ಇರಲಿಲ್ಲ. ಮೇ ಅದರಲ್ಲಿ ತನ್ನ ಗಿಟಾರ್ ನುಡಿಸಿ, ಪದರದ ಮೇಲೆ ಪದರ ಮುದ್ರಿಸಿ, 1975ರ 'ಎ ನೈಟ್ ಅಟ್ ದಿ ಒಪೇರಾ' ಆಲ್ಬಂನ 'ಗುಡ್ ಕಂಪನಿ' ಹಾಡಿನಲ್ಲಿ ಇಡೀ ಜಾಝ್ ವಾದ್ಯಮೇಳದ ಭ್ರಮೆ ಹುಟ್ಟಿಸಿದ. ಗಿಟಾರಿನಿಂದ ತುತ್ತೂರಿ ಎಂಬ ಗಿಬ್ಸನ್ ಕಂಪನಿಯ ಹಳೆಯ ಜಾಹೀರಾತನ್ನು ಕೊನೆಗೆ ನಿಜ ಮಾಡಿದ್ದು ಕಸದ ತೊಟ್ಟಿಯ ಬೋರ್ಡು.

ಎಂಜಿನಿಯರ್ ಗೆಳೆಯರಿಲ್ಲದ ಸಾಮಾನ್ಯ ವಾದಕರಿಗೆ ದಾರಿ ತೋರಿದ್ದು ಅಚ್ಚಿನ ಹಾಳೆ. 1975ರಲ್ಲಿ ಅಮೆರಿಕದ ಕ್ರೇಗ್ ಆಂಡರ್ಟನ್ ಸಂಗೀತಗಾರರಿಗಾಗಿ ಎಲೆಕ್ಟ್ರಾನಿಕ್ಸ್ ಪ್ರಯೋಗಗಳ ಪುಸ್ತಕವೊಂದನ್ನು ಪ್ರಕಟಿಸಿದರು. ರೆಸಿಸ್ಟರ್ ಎಂದರೇನೆಂದು ತಿಳಿಯದವನೂ ಮೊದಲ ಪುಟದಿಂದ ಹಿಡಿದು ಒಂದೊಂದೇ ಡಬ್ಬಿ ಮಾಡುತ್ತಾ ಹೋಗಬಹುದಾದ ಪುಸ್ತಕ ಅದು. ಕಂಪ್ಯೂಟರ್ ತರ್ಕಕ್ಕೆಂದು ತಯಾರಾದ 4049 ಎಂಬ ಅಗ್ಗದ ಚಿಪ್ಪನ್ನು ತಪ್ಪು ಕೆಲಸಕ್ಕೆ ಹಚ್ಚಿ ಹಳೆಯ ವಾಲ್ವ್ ಯಂತ್ರದಂಥ ದನಿ ಹೊರಡಿಸುವುದು ಅವರು ತೋರಿಸಿಕೊಟ್ಟ ಉಪಾಯಗಳಲ್ಲೊಂದು.

ಮಾಡುವ ಬಗೆ

ಮೊದಲ ಬಾರಿಗೆ ಕೈಹಾಕುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು 'ಬೂಸ್ಟರ್' ಎಂಬ ಸರಳ ಡಬ್ಬಿಯನ್ನು. ನ್ಯೂಯಾರ್ಕಿನಲ್ಲಿ 1968ರಲ್ಲಿ ಮೈಕ್ ಮ್ಯಾಥ್ಯೂಸ್ ಆರಂಭಿಸಿದ ಎಲೆಕ್ಟ್ರೋ-ಹಾರ್ಮೊನಿಕ್ಸ್ ಕಂಪನಿಯ ಮೊದಲ ಹೆಸರಾಂತ ಸರಕು ಇಂಥದೇ. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪ್ಯಾಸಿಟರ್, ಒಂದು ವಾಲ್ಯೂಮ್ ನಾಬ್. ಇಷ್ಟೇ ಅದರ ಒಡಲು. ಬೇರೊಂದು ಯಂತ್ರವನ್ನು ಪರೀಕ್ಷಿಸಲೆಂದು ಎಂಜಿನಿಯರ್ ಬಾಬ್ ಮೈಯರ್ ಅದರ ಮುಂದೆ ಜೋಡಿಸಿಟ್ಟಿದ್ದ ಪುಟ್ಟ ಡಬ್ಬಿ ಅದು. ಮ್ಯಾಥ್ಯೂಸ್ ಕಣ್ಣು ಆ ಯಂತ್ರವನ್ನು ಬಿಟ್ಟು ಡಬ್ಬಿಯ ಮೇಲೆ ಬಿತ್ತು.

ಭಾಗಗಳ ಕೆಲಸ ತಿಳಿಯುವುದು ಕಷ್ಟವಲ್ಲ. ಟ್ರಾನ್ಸಿಸ್ಟರ್ ಸಂಕೇತವನ್ನು ಎತ್ತರಿಸುತ್ತದೆ. ರೆಸಿಸ್ಟರುಗಳು ಅದಕ್ಕೆ ಎಷ್ಟು ವಿದ್ಯುತ್ ಎಲ್ಲಿಂದ ಸಿಗಬೇಕೆಂದು ಹದ ಮಾಡುತ್ತವೆ. ಅವುಗಳ ಬೆಲೆಯನ್ನು ಮೈಮೇಲಿನ ಬಣ್ಣದ ಪಟ್ಟಿಗಳೇ ಹೇಳುತ್ತವೆ. ಕಂದು, ಕಪ್ಪು, ಕಿತ್ತಳೆ ಎಂದರೆ 10,000 ಓಮ್. ಕೆಪ್ಯಾಸಿಟರ್ ಬಾಗಿಲು ಕಾಯುವವನಿದ್ದಂತೆ. ಬ್ಯಾಟರಿಯ ನೇರ ವಿದ್ಯುತ್ತನ್ನು ತಡೆದು ಗಿಟಾರಿನ ಅಲೆಯನ್ನು ಮಾತ್ರ ಒಳಗೆ ಬಿಡುತ್ತದೆ. ಚಿಕ್ಕ ಕೆಪ್ಯಾಸಿಟರ್ ಹಾಕಿದರೆ ಮಂದ್ರದ ದಪ್ಪ ಸ್ವರಗಳು ಹೊರಗೇ ಉಳಿದು ದನಿ ತೆಳ್ಳಗಾಗುತ್ತದೆ. ಒಂದೊಂದು ಭಾಗ ಬದಲಿಸಿದಾಗಲೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಪಾಠಪುಸ್ತಕದಲ್ಲಿ ಒಣ ಸೂತ್ರವಾಗಿದ್ದ ವಿಷಯ ಇಲ್ಲಿ ಕೇಳಿಸುತ್ತದೆ. ಈ ಹವ್ಯಾಸಕ್ಕೆ ಬಿದ್ದವರು ಬಿಡದಿರುವುದಕ್ಕೆ ಇದೇ ಮುಖ್ಯ ಕಾರಣ.

ಮೊದಲು ಬ್ರೆಡ್‌ಬೋರ್ಡ್ ಎಂಬ ತೂತುಗಳ ಹಲಗೆಯಲ್ಲಿ ಬೆಸುಗೆ ಇಲ್ಲದೆ ಭಾಗಗಳನ್ನು ಸಿಕ್ಕಿಸಿ ನೋಡುತ್ತಾರೆ. ಹಿಂದೆ ರೇಡಿಯೋ ಹವ್ಯಾಸಿಗಳು ಬ್ರೆಡ್ ಕತ್ತರಿಸುವ ಮಣೆಯ ಮೇಲೆಯೇ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದುದರಿಂದ ಈ ಹೆಸರು. ದನಿ ಒಪ್ಪಿಗೆಯಾದ ಮೇಲೆ ತಾಮ್ರದ ಪಟ್ಟಿಗಳಿರುವ ಬೋರ್ಡಿಗೆ ಬೆಸುಗೆ ಹಾಕುತ್ತಾರೆ. ಕಾವು ಕೊಡಬೇಕಾದದ್ದು ಭಾಗದ ಕಾಲಿಗೂ ತಾಮ್ರಕ್ಕೂ. ಸೀಸದ ಎಳೆಗೆ ನೇರವಾಗಿ ಅಲ್ಲ. ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಕೆಟ್ಟದ್ದು ಮಂಕಾಗಿ ಮುದ್ದೆಯಾಗಿ ನಿಲ್ಲುತ್ತದೆ. ಕೊನೆಗೆ ಅಲ್ಯೂಮಿನಿಯಂ ಡಬ್ಬಿಗೆ ತೂತು ಕೊರೆದು ಕೂರಿಸುವುದು. ಲೋಹದ ಡಬ್ಬಿಯೇ ಬೇಕು. ಇಲ್ಲವಾದರೆ ಕೋಣೆಯ ದೀಪ, ಫ್ಯಾನುಗಳ ಗುಂಯ್‌ಗಾರವೂ ಸಂಗೀತದೊಂದಿಗೆ ಬರುತ್ತದೆ.

ಇನ್ನೊಂದು ಜಾಣತನವನ್ನು ಇಲ್ಲಿ ಹೇಳಬೇಕು. ಬಹಳಷ್ಟು ಪೆಡಲುಗಳಿಗೆ ಬ್ಯಾಟರಿಯ ಆನ್-ಆಫ್ ಸ್ವಿಚ್ಚೇ ಇರುವುದಿಲ್ಲ. ಗಿಟಾರಿನ ತಂತಿಯನ್ನು ಚುಚ್ಚುವ ಜಾಕ್‌ನಲ್ಲಿ ಒಂದು ಹೆಚ್ಚಿನ ತಗಡು ಇರುತ್ತದೆ. ತಂತಿ ಚುಚ್ಚಿದಾಗ ಮಾತ್ರ ಅದರ ಮೂಲಕ ಬ್ಯಾಟರಿಯ ಸುತ್ತು ಪೂರ್ತಿಯಾಗುತ್ತದೆ. ತಂತಿ ಕಿತ್ತಿಡಲು ಮರೆತವನ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಾ ಹೋಗುತ್ತದೆ.

ಇಷ್ಟೆಲ್ಲ ಮಾಡಿ, ಕಾಲಿನಿಂದ ಅದುಮಿದರೆ ಮೊದಲ ಪೆಡಲ್ ಮೂಕವಾಗಿರುವುದೇ ಹೆಚ್ಚು. ನಿಜವಾದ ಪಾಠ ಶುರುವಾಗುವುದು ಆಗ. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಅದಲುಬದಲಾಗಿರಬಹುದು. ಪಕ್ಕದ ಎರಡು ತಾಮ್ರದ ಪಟ್ಟಿಗಳನ್ನು ಒಂದು ಸಾಸಿವೆ ಗಾತ್ರದ ಸೀಸ ಕೂಡಿಸಿರಬಹುದು. ಒಳಬರುವ ಜಾಕು ಹೊರಹೋಗುವ ಜಾಕಾಗಿರಬಹುದು. ಅನುಭವಿಗಳು ಒಂದು ತಂತಿಯ ತುದಿಗೆ ಕೆಪ್ಯಾಸಿಟರ್ ಕಟ್ಟಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರ್‌ಗೆ ಕೊಟ್ಟು, ಸರ್ಕ್ಯೂಟಿನ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋಗುತ್ತಾರೆ. ವೈದ್ಯರು ಸ್ಟೆತಾಸ್ಕೋಪ್ ಇಟ್ಟಂತೆ. ದನಿ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತೋ ಅಲ್ಲೇ ತಪ್ಪು.

ಎಚ್ಚರಿಕೆಯ ಮಾತೂ ಒಂದುಂಟು. ಒಂಬತ್ತು ವೋಲ್ಟಿನ ಪೆಡಲಿನಲ್ಲಿ ವಿದ್ಯುತ್ ಆಘಾತದ ಭಯವಿಲ್ಲ. ಕೈ ಸುಟ್ಟುಕೊಳ್ಳುವುದು ಮತ್ತು ಬೆಸುಗೆಯ ಹೊಗೆ, ಕೈಗಂಟಿದ ಸೀಸ, ಇವುಗಳ ಬಗ್ಗೆ ಜಾಗ್ರತೆ ಇದ್ದರಾಯಿತು. ಆದರೆ ಅದೇ ಉತ್ಸಾಹದಲ್ಲಿ ವಾಲ್ವ್ ಆಂಪ್ಲಿಫೈಯರ್ ಬಿಚ್ಚಬಾರದು. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತಮೇಲೂ ಕೆಲಹೊತ್ತು ಕೊಲ್ಲುವಷ್ಟು ಉಳಿದಿರುತ್ತದೆ.

ಕಪ್ಪು ಅಂಟಿನ ಗುಟ್ಟು

ಭಾಗಗಳು ಇಷ್ಟು ಕಡಿಮೆ, ನೋಡಿ ಮಾಡುವುದು ಇಷ್ಟು ಸುಲಭ ಎಂದಾದಾಗ ತಯಾರಕನ ಪಾಡೇನು? ವರ್ಷಗಟ್ಟಲೆ ಕಿವಿಗೊಟ್ಟು ಹದ ಮಾಡಿದ ಸರ್ಕ್ಯೂಟನ್ನು ಯಾರೋ ಒಂದು ಸಂಜೆಯಲ್ಲಿ ಬಿಚ್ಚಿ ನಕಲು ಮಾಡಿದರೆ? ಇದಕ್ಕೆ ಕೆಲವರು ಕಂಡುಕೊಂಡ ಉಪಾಯ ಅಂಟು. ಬೋರ್ಡಿನ ಮೇಲೆ ಗಟ್ಟಿಯಾಗುವ ಕಪ್ಪು ಎಪಾಕ್ಸಿ ಸುರಿದುಬಿಟ್ಟರೆ ಒಳಗೇನಿದೆ ಎಂದು ಕಾಣುವುದಿಲ್ಲ.

ಇದರ ಹೆಸರಾಂತ ಉದಾಹರಣೆ 'ಕ್ಲೋನ್ ಸೆಂಟಾರ್'. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬಿಲ್ ಫಿನ್ನೆಗನ್ ಎಂಬವರು 1994ರಿಂದ ಕೈಯಿಂದಲೇ ಮಾಡಿ ಮಾರಿದ ಪೆಡಲ್ ಇದು. ಒಟ್ಟು ಸುಮಾರು 8,000 ಮಾಡಿ ನಿಲ್ಲಿಸಿದರು. ಸಿಗದ ವಸ್ತುವಿಗೆ ಬೆಲೆ ಹೆಚ್ಚು. ಹಳೆಯ ಸೆಂಟಾರ್ ಒಂದಕ್ಕೆ ಸಾವಿರಾರು ಡಾಲರ್ ಕೊಡುವವರು ಹುಟ್ಟಿಕೊಂಡರು. ಅದರೊಳಗೆ ಏನೋ ಮಂತ್ರವಿದೆ ಎಂಬ ನಂಬಿಕೆಯೂ ಬೆಲೆಯ ಜೊತೆಗೇ ಏರಿತು. ಹವ್ಯಾಸಿಗಳು ಬಿಡಲಿಲ್ಲ. ಅಂಟನ್ನು ಸ್ವಲ್ಪ ಸ್ವಲ್ಪವೇ ಕೆರೆದು, ಒಂದೊಂದೇ ಭಾಗವನ್ನು ಅಳೆದು, 2000ದ ದಶಕದ ಕೊನೆಯ ಹೊತ್ತಿಗೆ ಪೂರ್ತಿ ನಕ್ಷೆಯನ್ನು ಬಯಲಿಗೆ ತಂದರು. ಒಳಗಿದ್ದದ್ದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್ಪುಗಳು, ಎರಡು ಜರ್ಮೇನಿಯಂ ಡಯೋಡುಗಳು, ಒಂಬತ್ತು ವೋಲ್ಟನ್ನು ಹೆಚ್ಚಿಸಿಕೊಡುವ ಒಂದು ಉಪಾಯ. ಮಂತ್ರವಿರಲಿಲ್ಲ, ಅಚ್ಚುಕಟ್ಟಾದ ಲೆಕ್ಕಾಚಾರವಿತ್ತು.

ಮುಂದೆ ನಕಲುಗಳ ಮಹಾಪೂರವೇ ಹರಿಯಿತು. ಕಾನೂನಿನ ಕಣ್ಣಿನಲ್ಲಿ ಇದು ಕಳವಲ್ಲವೇ ಎಂದು ಕೇಳಬಹುದು. ಸರ್ಕ್ಯೂಟಿಗೆ ಪೇಟೆಂಟ್ ಇದ್ದರೆ ಮಾತ್ರ ರಕ್ಷಣೆ, ಅದೂ ಸುಮಾರು 20 ವರ್ಷ. ಬಹುತೇಕ ಪೆಡಲುಗಳಿಗೆ ಪೇಟೆಂಟೇ ಇಲ್ಲ. ಹೆಸರು, ಗುರುತು, ಮೈಬಣ್ಣದ ಚಿತ್ರ ಇವಕ್ಕೆ ಬೇರೆ ರಕ್ಷಣೆ ಉಂಟು. 2024ರಲ್ಲಿ ಫಿನ್ನೆಗನ್ ಒಂದು ದೊಡ್ಡ ತಯಾರಕ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋದದ್ದು ಹೆಸರು ಮತ್ತು ರೂಪದ ನಕಲಿನ ವಿಷಯಕ್ಕೆ. ಅಡುಗೆಮನೆಯ ಮೇಜಿನ ಮೇಲೆ ತನಗಾಗಿ ಒಂದನ್ನು ಮಾಡಿಕೊಳ್ಳುವವನಿಗೂ, ಸಾವಿರಗಟ್ಟಲೆ ಅಚ್ಚು ಹೊಡೆದು ಮೂಲದವನ ಹೊಟ್ಟೆಯ ಮೇಲೆ ಹೊಡೆಯುವವನಿಗೂ ವ್ಯತ್ಯಾಸವಿದೆ ಎಂಬುದನ್ನು ಹವ್ಯಾಸಿಗಳಲ್ಲಿ ಹೆಚ್ಚಿನವರು ಒಪ್ಪುತ್ತಾರೆ.

ಕಥೆಗೆ ಇನ್ನೊಂದು ತಿರುವೂ ಇದೆ. ಕೆಟ್ಟ ಪೆಡಲೊಂದನ್ನು ರಿಪೇರಿ ಮಾಡಹೋಗಿ ಈ ವಿದ್ಯೆ ಕಲಿತ ಜಾಶ್ ಸ್ಕಾಟ್ ಎಂಬ ಗಿಟಾರ್ ವಾದಕ ಮುಂದೆ 'ಜೆಎಚ್ಎಸ್' ಎಂಬ ಕಂಪನಿಯನ್ನೇ ಕಟ್ಟಿದರು. ಆ ಕಂಪನಿ 2023ರಲ್ಲಿ ಸೆಂಟಾರ್ ಸರ್ಕ್ಯೂಟನ್ನು ಆಧರಿಸಿದ 'ನೋಟಾಕ್ಲೋನ್' ಪೆಡಲನ್ನು ಬಿಡಿಭಾಗಗಳ ಪೊಟ್ಟಣವಾಗಿ ಮಾರಿತು. ಬೆಸುಗೆಯೂ ಬೇಡ, ಬೋರ್ಡುಗಳನ್ನು ಜೋಡಿಸಿ ತಿರುಪು ಬಿಗಿದರಾಯಿತು. ಒಂದು ಕಾಲಕ್ಕೆ ಅಂಟಿನಡಿ ಹೂತಿಟ್ಟಿದ್ದ ಗುಟ್ಟು ಈಗ ಮಕ್ಕಳೂ ಜೋಡಿಸುವ ಆಟಿಕೆ.

ಮುಚ್ಚಳ ತೆಗೆಯುವ ಕೈ

ಇಂದಿನ ಡಬ್ಬಿಗಳನ್ನು ಮುಚ್ಚುತ್ತಿರುವುದು ಅಂಟು ಮಾತ್ರವಲ್ಲ. ಎಳ್ಳಿಗಿಂತ ಸಣ್ಣ ಭಾಗಗಳನ್ನು ಯಂತ್ರಗಳೇ ಬೋರ್ಡಿಗೆ ಅಂಟಿಸುತ್ತವೆ. ಡಿಜಿಟಲ್ ಪೆಡಲಿನಲ್ಲಂತೂ ನಾದವನ್ನು ಹದ ಮಾಡುವುದು ಚಿಪ್ಪಿನೊಳಗಿನ ಲೆಕ್ಕ. ಮುಚ್ಚಳ ತೆಗೆದರೂ ಕಾಣುವಂಥದ್ದೇನೂ ಇಲ್ಲ. ಅವು ಚೆನ್ನಾಗಿ ಕೇಳಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೆಟ್ಟರೆ ಎಸೆಯಬೇಕು. ಮನೆಯ ಫೋನು, ಟಿವಿ, ತೊಳೆಯುವ ಯಂತ್ರ ಎಲ್ಲವೂ ಇದೇ ಹಾದಿ ಹಿಡಿದಿರುವ ಕಾಲದಲ್ಲಿ ಹನ್ನೊಂದು ಭಾಗಗಳ ಫಜ್ ಡಬ್ಬಿ ಒಂದು ಅಪರೂಪದ ವಸ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಣಿಸಿ ಕೊಡುವ ಪುಡಿ ಭಾಗಗಳಿಂದ ಅದನ್ನು ಈಗಲೂ ಕಟ್ಟಬಹುದು. ಕೆಟ್ಟರೆ ತೆರೆದು, ತಪ್ಪು ಹುಡುಕಿ, ಸರಿಮಾಡಬಹುದು.

ಗ್ಲೆನ್ ಸ್ನಾಡಿ ತಮ್ಮ ಸ್ಟುಡಿಯೋದ ಯಂತ್ರ ಕೆಟ್ಟಾಗ ಬೇಸರಪಟ್ಟು ಸುಮ್ಮನಾಗಿದ್ದರೆ, ಮುಂದಿನ ಅರವತ್ತು ವರ್ಷಗಳ ಸಂಗೀತ ಬೇರೆಯಾಗಿರುತ್ತಿತ್ತೇನೋ. ಅವರು ಕೆಟ್ಟದ್ದು ಏಕೆ ಹಾಗೆ ಕೇಳಿಸುತ್ತದೆ ಎಂದು ನೋಡಹೋದರು. ಡೀಕನ್ ಕಸದ ತೊಟ್ಟಿಗೆ ಕೈಹಾಕಿದ್ದೂ, ಅಂಟು ಕೆರೆದವರು ವಾರಗಟ್ಟಲೆ ಕುಳಿತದ್ದೂ ಅದೇ ಕುತೂಹಲದಿಂದ. ಮನೆಯಲ್ಲಿ ಮೊದಲ ಪೆಡಲ್ ಮಾಡಿದವನಿಗೆ ಅಂಗಡಿಯದಕ್ಕಿಂತ ಒಳ್ಳೆಯ ದನಿ ಸಿಗದೆ ಹೋಗಬಹುದು. ಮೂಕವಾಗಿದ್ದ ಡಬ್ಬಿ ನಡುರಾತ್ರಿಯಲ್ಲಿ ಒಮ್ಮೆಲೇ ಗೊರ್ರೆಂದಾಗ ಮನೆಯವರು ಎದ್ದು ಬೈಯಬಹುದು. ಆದರೆ ಆ ಗೊರಗೊರ ಎಲ್ಲಿಂದ ಬಂತು, ಯಾವ ಭಾಗ ಅದನ್ನು ಹುಟ್ಟಿಸಿತು ಎಂಬುದು ಅವನಿಗೆ ಗೊತ್ತಿರುತ್ತದೆ.